ಯಾವ ಪೆಡಲ್, ಹೇಳಿ ನೋಡೋಣ!

ಕಂಬಂ ಕಣಿವೆಯಲ್ಲಿ ತಲೆಮಾರುಗಳಿಂದ ಕನ್ನಡ ಮಾತಾಡುವ ಮನೆಗಳಿವೆ, ನಮ್ಮದೂ ಒಂದು. ಮಕ್ಕಳಿಗೆ ಶಾಲೆಯಲ್ಲಿ ತಮಿಳು, ಮನೆಯಲ್ಲಷ್ಟೇ ಕನ್ನಡ. ಅದು ಸೊರಗದಿರಲೆಂದು ರಾತ್ರಿ ಊಟದ ನಂತರ ನಾವೊಂದು ಆಟ ಆಡುತ್ತೇವೆ. ಹಾಡು ಕೇಳಿ, ಗಿಟಾರ್ ವಾದಕರ ಕಾಲಡಿಯ ಪೆಡಲ್ ಯಾವುದೆಂದು ಊಹಿಸಬೇಕು. ನಿಯಮ ಒಂದೇ: ಮೊದಲು ಸದ್ದನ್ನು ಕನ್ನಡದಲ್ಲಿ ಬಣ್ಣಿಸಬೇಕು.

ಗಂಟಲು ಕಟ್ಟಿದಂತೆ ಕರಕರ ಎಂದರೆ ಫಜ್. ಅಮೆರಿಕದ ಮಾಯೆಸ್ಟ್ರೋ ಪೆಡಲ್ ಬಂದದ್ದು 1962ರಲ್ಲಿ. ಮಗು ಬಾಯಿ ತೆರೆದು ಮುಚ್ಚಿದಂತಿದ್ದರೆ ವಾ-ವಾ. ಬಾವಿಯೊಳಗೆ ಕೂಗಿದಂತೆ ಮರುದನಿ ಬಂದರೆ ಡಿಲೇ. ಕೋರಸ್ ಮಾತ್ರ ಕಷ್ಟ. ದೇವಾಲಯದ ಗಾಯನವೃಂದದಲ್ಲಿ ಹತ್ತು ದನಿಗಳು ಕೂದಲೆಳೆಯಷ್ಟು ಹಿಂದುಮುಂದಾಗಿ ಸೇರಿ ಸೊಂಪಾಗುವುದಿಲ್ಲವೇ? ಕೋರಸ್ ಪೆಡಲಿನ ಗುಟ್ಟೂ ಅದೇ: ಒಂದು ದನಿಗೆ ಅದರದೇ ನಕಲನ್ನು ತುಸು ತಡವಾಗಿ, ತುಸು ಅಲುಗಾಡಿಸಿ ಬೆರೆಸುವುದು.

ನಮ್ಮ ತೇನಿ ಜಿಲ್ಲೆಯ ಪಣ್ಣೈಪುರದಲ್ಲಿ ಹುಟ್ಟಿದ ಇಳಯರಾಜಾ ಸಂಗೀತ ನೀಡಿದ 1981ರ ಕನ್ನಡ ಚಿತ್ರ ‘ಗೀತಾ’ದ ಹಾಡುಗಳನ್ನೂ ಹಾಕುತ್ತೇವೆ. ಆಗ ಎರಡೂ ಊರು ಒಂದೇ ಮನೆಯಲ್ಲಿ!

ಊಹೆ ಎಷ್ಟೋ ಸಲ ತಪ್ಪುತ್ತದೆ. ಆದರೆ ಸದ್ದಿಗೆ ಮಾತು ಹುಡುಕುವಾಗ ಮಕ್ಕಳ ಬಾಯಿಂದ ಅಜ್ಜಿಯ ಕನ್ನಡ ಹೊರಡುತ್ತದೆ: ಗೊರಗೊರ, ಜುಂ, ಗುಂಯ್. ಅಕ್ಷರ ಬಾರದಿದ್ದರೂ ಮಾತು ಉಳಿದೀತು. ನೀವೂ ಮನೆಮಂದಿಯೊಡನೆ ಆಡಿ ನೋಡಿ.