ಹಾಲನ್ನದ ಬೆಕ್ಕು

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆ ಎಂಬ ಗಾದೆ ಮಕ್ಕಳಿಗೂ ಗೊತ್ತು. ಹಾಲು ಕಂಡರೆ ಓಡುತ್ತಿದ್ದ ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆಗೆ ನಗದವರಿಲ್ಲ. ಹೀಗಾಗಿ ಬೆಕ್ಕಿನ ಊಟವೆಂದರೆ ಹಾಲು ಎಂಬುದು ಊರಿಗೆ ಊರೇ ಒಪ್ಪಿದ ಮಾತು. ಸಸ್ಯಾಹಾರಿಗಳ ಮನೆಯಾದರೆ ಜೊತೆಗೊಂದು ತುತ್ತು ಅನ್ನ.

ಮೈಸೂರಿನ ಅಂಥದೊಂದು ಮನೆಯ ಗಂಡು ಬೆಕ್ಕು ಹಾಲನ್ನ ತಿಂದೇ ಬೆಳೆದಿತ್ತು. ಹಿತ್ತಲಲ್ಲಿ ಇಲಿ ಹಿಡಿದು ತಿನ್ನುತ್ತಿದ್ದುದು ಯಾರ ಲೆಕ್ಕಕ್ಕೂ ಬಂದಿರಲಿಲ್ಲ. ಮನೆಯವರು ಮೂರನೇ ಮಹಡಿಯ ಫ್ಲಾಟಿಗೆ ಬಂದರು, ಇಲಿ ತಪ್ಪಿತು. ಹಾಲನ್ನದ ಜೊತೆ ಅಂಗಡಿಯ ಒಣ ಕಾಳು ಸೇರಿತು. ವರ್ಷ ಕಳೆಯುವುದರೊಳಗೆ ಬೆಕ್ಕು ಮೂಲೆಯಲ್ಲಿ ಕುಳಿತು ತಿಣುಕತೊಡಗಿತು. ಒಂದು ಹನಿ ಮೂತ್ರವಿಲ್ಲ. ಪಿಯುಸಿ ಓದುತ್ತಿದ್ದ ಮಗಳು ಅದನ್ನು ಬುಟ್ಟಿಯಲ್ಲಿಟ್ಟುಕೊಂಡು ಪಶುವೈದ್ಯರ ಬಳಿಗೆ ಓಡಿದಳು.

ವೈದ್ಯರು ಕೊಳವೆ ಹಾಕಿ ಮೂತ್ರ ತೆಗೆದರು. ಗಂಡು ಬೆಕ್ಕಿನ ಮೂತ್ರನಾಳ ಬಹಳ ಕಿರಿದು. ಪೂರ್ತಿ ಕಟ್ಟಿಕೊಂಡರೆ ಎರಡು ಮೂರು ದಿನಗಳಲ್ಲಿ ಪ್ರಾಣವೇ ಹೋಗಬಹುದು. "ಇದು ಮತ್ತೆ ಮತ್ತೆ ಬರುವ ಕಾಯಿಲೆ. ಇನ್ನು ಮೇಲೆ ಊಟವೇ ಔಷಧಿ" ಎಂದರು. ಆ ಊಟವೋ, ಮಾಂಸದ ಡಬ್ಬಿ!

"ನಮ್ಮ ಅಡುಗೆಮನೆಗೆ ಮೊಟ್ಟೆ ಕೂಡ ಬಂದದ್ದಿಲ್ಲ" ಎಂದರು ತಾಯಿ.

"ಬಾಲ್ಕನಿಯಲ್ಲಿ ಬೇರೆ ತಟ್ಟೆ ಇಡೋಣಮ್ಮ. ನಾನೇ ತೊಳೀತೀನಿ."

ಮಗಳ ವಾದಕ್ಕೆ ಆಧಾರವಿತ್ತು. ಬೆಕ್ಕಿನ ಪೂರ್ವಜರು ಒಣ ಸೀಮೆಯ ಕಾಡುಬೆಕ್ಕುಗಳು. ಬೇಟೆಯ ಮೈಯಲ್ಲಿದ್ದ ನೀರೇ ಅವಕ್ಕೆ ಬಹುಪಾಲು ಸಾಕಾಗುತ್ತಿತ್ತು. ಇಲಿಯ ಮೈಯಲ್ಲಿ ನೂರಕ್ಕೆ ಸುಮಾರು 70 ಪಾಲು ನೀರು, ಒಣ ಕಾಳಿನಲ್ಲಿ 10ರ ಆಸುಪಾಸು. ಬಾಯಾರಿಕೆ ಕಡಿಮೆಯಿರುವ ಪ್ರಾಣಿಗೆ ಒಣ ತಿಂಡಿ ಕೊಟ್ಟರೆ ಮೂತ್ರ ಗಟ್ಟಿಯಾಗುತ್ತದೆ. ಹರಳು ಕಟ್ಟುವ ಸಂಭವ ಹೆಚ್ಚು. ಸ್ಟ್ರುವೈಟ್ ಎಂಬ ಹರಳನ್ನು ತಕ್ಕ ಆಹಾರದಿಂದ ಕರಗಿಸಬಹುದು. ಕ್ಯಾಲ್ಸಿಯಂ ಆಕ್ಸಲೇಟ್ ಹರಳು ಕರಗದು. ಆದ್ದರಿಂದ ಪರೀಕ್ಷೆ ಮೊದಲು, ಪಥ್ಯ ಆಮೇಲೆ. ಈ ಬೆಕ್ಕಿನದು ಪುಣ್ಯಕ್ಕೆ ಕರಗುವ ಜಾತಿ.

ಇನ್ನೊಂದು ಸಂಗತಿಯಿದೆ. ಟಾರೀನ್ ಎಂಬ ಪೋಷಕಾಂಶವನ್ನು ಬೆಕ್ಕಿನ ದೇಹ ಸಾಕಷ್ಟು ತಯಾರಿಸಿಕೊಳ್ಳಲಾರದು. ಅದು ಮಾಂಸ, ಮೀನಿನಲ್ಲಿದೆ, ಅನ್ನದಲ್ಲಿಲ್ಲ. ಅದರ ಕೊರತೆಯಿಂದ ಬೆಕ್ಕಿನ ಕಣ್ಣು ಕೆಡುತ್ತದೆಂದು 1975ರಲ್ಲಿ, ಹೃದಯ ದುರ್ಬಲವಾಗುತ್ತದೆಂದು 1987ರಲ್ಲಿ ಅಮೆರಿಕದ ವಿಜ್ಞಾನಿಗಳು ತೋರಿಸಿಕೊಟ್ಟರು. ಹಾಲು ಕೂಡ ಬಹುಪಾಲು ದೊಡ್ಡ ಬೆಕ್ಕುಗಳಿಗೆ ಸರಿಯಾಗಿ ಜೀರ್ಣವಾಗದು. ಈರುಳ್ಳಿ, ಬೆಳ್ಳುಳ್ಳಿಯಂತೂ ರಕ್ತಹೀನತೆ ತರುವ ವಿಷ.

ತಾಯಿ ಎರಡು ದಿನ ಯೋಚಿಸಿ, "ಹುಲಿಗೆ ಏಕಾದಶಿ ಮಾಡಿಸೋಕಾಗುತ್ತಾ?" ಎಂದು ತಾವೇ ಒಪ್ಪಿದರು. ಹೊಸ ಆಹಾರವನ್ನು ಹಳೆಯದರೊಡನೆ ಸ್ವಲ್ಪ ಸ್ವಲ್ಪವಾಗಿ ಬೆರೆಸುತ್ತ ಹತ್ತು ದಿನದಲ್ಲಿ ಬದಲಿಸಿದರು. ಹಸಿದರೆ ತಾನಾಗಿ ತಿನ್ನುತ್ತದೆ ಎಂಬ ಹಟ ಇಲ್ಲಿ ಸಲ್ಲದು. ಕೆಲವು ದಿನ ಉಪವಾಸ ಬಿದ್ದರೆ ಬೆಕ್ಕಿನ ಯಕೃತ್ತಿನಲ್ಲಿ ಕೊಬ್ಬು ತುಂಬಿ ಅಪಾಯವಾಗುತ್ತದೆ. ನೀರಿನ ಬಟ್ಟಲು ಒಂದಿದ್ದದ್ದು ಮೂರಾಯಿತು. ತಿಂದದ್ದು, ಮೂತ್ರ ಮಾಡಿದ್ದು, ಭಾನುವಾರದ ತೂಕ, ಎಲ್ಲವನ್ನೂ ಮಗಳು ನೋಟುಪುಸ್ತಕದಲ್ಲಿ ಬರೆದಿಟ್ಟಳು.

ಎರಡು ವರ್ಷವಾದರೂ ಕಾಯಿಲೆ ಮರುಕಳಿಸಿಲ್ಲ. ಮರುಕಳಿಸದೆಂಬ ಖಾತರಿಯೂ ಇಲ್ಲ. ಮಗಳೀಗ ಬೇರೆ ಊರಿನ ಹಾಸ್ಟೆಲಿನಲ್ಲಿ ಓದುತ್ತಿದ್ದಾಳೆ. ನೋಟುಪುಸ್ತಕ ತಾಯಿಯ ಕೈಗೆ ಬಂದಿದೆ. ಒಂದು ಭಾನುವಾರವೂ ಖಾಲಿ ಬಿಟ್ಟಿಲ್ಲ.