ನಿಲ್ಲಿಸುವ ವಿದ್ಯೆ

ವಾರ್ಷಿಕ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ನಮ್ಮ ಕನ್ನಡ ಅಧ್ಯಾಪಕರು ಹೇಳಿದಾಗ ನಾನು ಮೊದಲು ಬರೆಯಹೊರಟದ್ದು ‘ಯುವಜನತೆ ಮತ್ತು ರಾಷ್ಟ್ರ’ ಎಂಬ ವಿಷಯವನ್ನು. ಅರ್ಧ ಪುಟ ಬರೆಯುವಷ್ಟರಲ್ಲಿ ಯುವಜನತೆಯೂ ಮುಗಿದಿತ್ತು, ರಾಷ್ಟ್ರವೂ ಮುಗಿದಿತ್ತು. ಹಾಳೆಯನ್ನು ನೋಡಿದ ಅಧ್ಯಾಪಕರು, “ನಿನಗೆ ಗೊತ್ತಿರುವುದನ್ನು ಬರೆಯಪ್ಪಾ” ಎಂದು ಹಿಂದಿರುಗಿಸಿದರು. ನನಗೆ ಗೊತ್ತಿರುವುದಾದರೂ ಏನು? ಇತಿಹಾಸ, ಅರ್ಥಶಾಸ್ತ್ರಗಳು ಪರೀಕ್ಷೆಯ ಹಿಂದಿನ ರಾತ್ರಿ ಗೊತ್ತಾಗಿ, ಪರೀಕ್ಷೆಯ ಮರುದಿನ ಮರೆತುಹೋಗುವಂಥವು. ಮರೆಯದಂತೆ ಗೊತ್ತಿರುವ ಸಂಗತಿ ಒಂದೇ ಒಂದು, ಅದು ಬ್ರೇಕು.

ನಮ್ಮ ತಂದೆಯವರು ತಿಪಟೂರಿನಲ್ಲಿ, ಶಿವಮೊಗ್ಗದ ಹೆದ್ದಾರಿಯ ಪಕ್ಕದಲ್ಲಿ, ತಗಡಿನ ಮಾಡಿನ ಒಂದು ಸಣ್ಣ ಗ್ಯಾರೇಜನ್ನು ಇಟ್ಟುಕೊಂಡಿದ್ದಾರೆ. ಏಳನೆಯ ತರಗತಿಗೆ ಶಾಲೆ ಬಿಟ್ಟವರು. ನಮ್ಮ ಮನೆತನದಲ್ಲಿ ಪದವಿಯವರೆಗೆ ಬಂದವನು ನಾನೇ ಮೊದಲಿಗ. ಆ ಕಾರಣದಿಂದ ನಾನು ಪಾನಾ ಹಿಡಿಯುವುದನ್ನು ಕಂಡರೆ ಅವರಿಗೆ ಅಷ್ಟಾಗಿ ಸೇರದು. “ಮಗ ಓದಲಿ ಅಂತ ನಾನು ಎಣ್ಣೆ ಬಳ್ಕೊಂಡಿದ್ದು, ನೀನೂ ಬಳ್ಕೊಂಡ್ರೆ ಇಬ್ರದ್ದೂ ದಂಡ” ಎನ್ನುತ್ತಾರೆ. ಆದರೂ ರಜೆ ಬಂತೆಂದರೆ ಕೈಸಾಲದೆ ಅವರೇ ಕರೆಯುತ್ತಾರೆ. ಕಾಲೇಜು ತೆರೆದ ಮೊದಲ ವಾರ ನಾನು ಉಗುರುಗಳನ್ನು ಮಡಿಚಿಟ್ಟುಕೊಂಡು ಕೂರುವುದನ್ನು ಕೆಲವು ಮಿತ್ರರು ಗಮನಿಸಿರಬಹುದು. ಅದರ ಕಾರಣ ಇದು.

2024ರ ದಸರಾ ರಜೆಯಲ್ಲಿ ಒಂದು ಹಳೆಯ ಮಾರುತಿ ಎಸ್ಟೀಮ್ ಕಾರು ನಮ್ಮಲ್ಲಿಗೆ ಬಂದಿತು. ಅದರ ಯಜಮಾನರು ನಮ್ಮ ಊರಿನವರೇ. ಈಗ ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾರೆ. ಕಾರು ಅವರ ತಂದೆಯ ಕಾಲದ್ದು. ಹಿಂದಿನ ಸೀಟಿನಲ್ಲಿ ಕೂತು ಕಡಲೆಮಿಠಾಯಿ ತಿನ್ನುತ್ತಿದ್ದ ಆ ಹುಡುಗನನ್ನು ಅಪ್ಪ ಆಗ ‘ಮರಿ’ ಎಂದು ಕರೆಯುತ್ತಿದ್ದರಂತೆ. ಈಗ ‘ಸಾರ್’ ಎನ್ನುತ್ತಾರೆ. ಈ ಸಾಹೇಬರಿಗೆ ಒಂದು ವಿಚಿತ್ರ ಹವ್ಯಾಸ. ವಾರವೆಲ್ಲ ಅದೇ ಕಾರಿನಲ್ಲಿ ಕಚೇರಿಗೆ ಹೋಗಿ, ವರ್ಷದಲ್ಲಿ ನಾಲ್ಕೈದು ಸಲ ಅದನ್ನೇ ಚೆನ್ನೈ ಬಳಿಯ ಇರುಂಗಾಟ್ಟುಕೋಟೈಗೆ ಓಡಿಸಿಕೊಂಡು ಹೋಗುತ್ತಾರೆ. ಅಲ್ಲಿ 1990ರಿಂದ ಮೋಟಾರು ಪಂದ್ಯದ ಒಂದು ಹಾದಿಯಿದೆ. ಒಂದು ಸುತ್ತಿಗೆ ಸುಮಾರು 3.7 ಕಿಲೋಮೀಟರು. ಪಂದ್ಯವಿಲ್ಲದ ದಿನಗಳಲ್ಲಿ ಹಣ ಕಟ್ಟಿ ಯಾರು ಬೇಕಾದರೂ ತಮ್ಮ ಕಾರನ್ನು ಅಲ್ಲಿ ಓಡಿಸಬಹುದಂತೆ. ಬಹುಮಾನವಿಲ್ಲ, ಸೋಲುಗೆಲುವಿಲ್ಲ. ಹಣ ಕೊಟ್ಟು, ಟೈರು ಸವೆಸಿ, ಹೊರಟಲ್ಲಿಗೇ ಮತ್ತೆ ಮತ್ತೆ ಬಂದು ಸೇರುವ ಈ ಸುಖ ನಮ್ಮಂಥವರಿಗೆ ಸುಲಭವಾಗಿ ಅರ್ಥವಾಗುವುದಿಲ್ಲ. ಇರಲಿ.

ಹಿಂದಿನ ಸಲ ಅಲ್ಲಿ ನಡೆದುದನ್ನು ಅವರು ಹೇಳಿದರು. ಮೂರು ಸುತ್ತು ಸೊಗಸಾಗಿ ಹೋಯಿತು. ನಾಲ್ಕನೆಯ ಸುತ್ತಿನಲ್ಲಿ, ನೇರ ಹಾದಿಯ ತುದಿಯಲ್ಲಿ ಬ್ರೇಕ್ ಒತ್ತಿದರೆ ಪೆಡಲು ಕೆಸರಿಗೆ ಕಾಲಿಟ್ಟಂತೆ ನೆಲದವರೆಗೂ ಇಳಿದುಹೋಯಿತು. ಎರಡು ಮೂರು ಸಲ ತುಳಿದು, ಗೇರು ಇಳಿಸಿ, ಹೇಗೋ ಹಾದಿಯಾಚೆಯ ಮಣ್ಣಿಗೆ ಹೋಗಿ ನಿಂತರು. ಅರ್ಧ ಗಂಟೆ ಆರಿದ ಮೇಲೆ ನೋಡಿದರೆ ಪೆಡಲು ಮೊದಲಿನಂತೆಯೇ ಗಟ್ಟಿ! ಅದರಲ್ಲೇ 300 ಕಿಲೋಮೀಟರಿನಷ್ಟು ದೂರ ಬೆಂಗಳೂರಿಗೆ ಬಂದಿದ್ದರು. ಅಪ್ಪ ಕೇಳಿ, “ಎಣ್ಣೆ ಕುದ್ದದೆ ಸಾರ್” ಎಂದರು, ಅಷ್ಟೆ.

ಎಣ್ಣೆ ಕುದಿಯುವುದೆಂದರೇನೆಂದು ವಾಚಕರಿಗೆ ಸ್ವಲ್ಪ ವಿವರಿಸಬೇಕು. ಬ್ರೇಕೆಂದರೆ ಓಟವನ್ನು ಶಾಖವಾಗಿ ಮಾಡುವ ಯಂತ್ರ. ಚಾಲಕನೂ ಸೇರಿ 1,000 ಕಿಲೋ ತೂಗುವ ಕಾರನ್ನು ಗಂಟೆಗೆ 140 ಕಿಲೋಮೀಟರಿನಿಂದ 60ಕ್ಕೆ ಇಳಿಸಿದರೆ ಎಷ್ಟು ಶಾಖ ಹುಟ್ಟುತ್ತದೆಂದು ಬಿ.ಎಸ್ಸಿ. ಓದುವ ನನ್ನ ಮಿತ್ರನನ್ನು ಕೇಳಿದೆ. ಅವನು ಹಾಳೆಯ ಮೇಲೆ ಗೀಚಿ, ಸುಮಾರು ಎರಡು ಲೀಟರ್ ತಣ್ಣೀರನ್ನು ಕುದಿಮಟ್ಟಕ್ಕೆ ತರುವಷ್ಟು ಎಂದು ಹೇಳಿದ. ಮನೆಯಲ್ಲಿ ಒಲೆಯ ಮೇಲೆ ಅದಕ್ಕೆ ಹತ್ತು ನಿಮಿಷವಾದರೂ ಬೇಕು. ಇಲ್ಲಿ ಕೆಲವೇ ಸೆಕೆಂಡು. ಅದರಲ್ಲಿ ಹೆಚ್ಚಿನ ಪಾಲು ಮುಂದಿನ ಎರಡು ಚಕ್ರಗಳ ಪಾಲಿಗೆ. ಊರ ರಸ್ತೆಯಲ್ಲಿ ಹೀಗೆ ಒಮ್ಮೆ ಆದರೆ ಆರಲು ಹೊತ್ತಿರುತ್ತದೆ. ಅಲ್ಲಿ ಆರುವ ಮೊದಲೇ ಮುಂದಿನ ತಿರುವು.

ಇನ್ನು ಆ ಎಣ್ಣೆ. ಹೆಸರಿಗೆ ಎಣ್ಣೆಯಾದರೂ ಅದು ಗಾಳಿಯಲ್ಲಿನ ತೇವವನ್ನು ಉಪ್ಪಿನಂತೆ ಹೀರಿಕೊಳ್ಳುವ ದ್ರವ. ಡಾಟ್ 4 ಎಂಬ ಜಾತಿಯದು ಹೊಸದಾಗಿದ್ದಾಗ 230 ಡಿಗ್ರಿಯವರೆಗಾದರೂ ಕುದಿಯಬಾರದೆಂದು ನಿಯಮ. ತೇವ ಕುಡಿದ ಮೇಲೆ 155 ಡಿಗ್ರಿ ತಡೆದರೆ ಸಾಕೆಂದು ಅದೇ ನಿಯಮ ಒಪ್ಪಿಕೊಂಡಿದೆ. ಕುದಿದರೆ ಆವಿಯ ಗುಳ್ಳೆಗಳೇಳುತ್ತವೆ. ದ್ರವ ಒತ್ತಿದರೆ ಕುಗ್ಗದು, ಗುಳ್ಳೆ ಕುಗ್ಗುತ್ತದೆ. ಕಾಲಿನ ಬಲವೆಲ್ಲ ಗುಳ್ಳೆಯನ್ನು ಕುಗ್ಗಿಸುವುದರಲ್ಲೇ ವ್ಯಯವಾಗುತ್ತದೆ. ಆರಿದ ಮೇಲೆ ಗುಳ್ಳೆ ಕರಗಿ ಪೆಡಲು ಗಟ್ಟಿಯಾಗುತ್ತದೆ, ಚಾಲಕನಿಗೆ ಎಲ್ಲ ಸರಿಯಾಯಿತೆನ್ನಿಸುತ್ತದೆ. ಅಪ್ಪನಿಗೆ ಈ ಅಂಕಿಗಳು ಗೊತ್ತಿಲ್ಲ. ತಟ್ಟೆಯಲ್ಲಿ ಹಿಡಿದ ಎಣ್ಣೆ ಕಾಫಿಯ ಬಣ್ಣಕ್ಕಿದ್ದುದನ್ನು ನೋಡಿಯೇ ಹೇಳಿದರು.

ಚಕ್ರ ಬಿಚ್ಚಿ ನೋಡಿದಾಗ ಎಣ್ಣೆಯೊಂದೇ ಅಪರಾಧಿಯಲ್ಲವೆಂದು ತಿಳಿಯಿತು. ಡಿಸ್ಕನ್ನು ಎರಡು ಕಡೆಯಿಂದ ಕಚ್ಚಿ ಹಿಡಿಯುವ ಕಬ್ಬಿಣದ ದವಡೆಗೆ ಕ್ಯಾಲಿಪರ್ ಎಂದು ಹೆಸರು. ಅದರ ಒಂದೇ ಮಗ್ಗುಲಿನಲ್ಲಿ ಪಿಸ್ಟನ್ ಇರುತ್ತದೆ. ಪಿಸ್ಟನ್ ಒಳ ಪ್ಯಾಡನ್ನು ಒತ್ತಿದಾಗ ಇಡೀ ದವಡೆ ಎರಡು ಪಿನ್ನುಗಳ ಮೇಲೆ ಜಾರಿ ಹೊರ ಪ್ಯಾಡನ್ನು ಎಳೆದುಕೊಳ್ಳಬೇಕು. ಪಿನ್ನಿನ ಗ್ರೀಸು ಒಣಗಿ ದವಡೆ ಜಾರುತ್ತಿರಲಿಲ್ಲ. ಒಳ ಪ್ಯಾಡು ತೆಳ್ಳಗೆ ಸವೆದಿತ್ತು, ಹೊರಗಿನದು ಅರ್ಧಕ್ಕಿಂತ ಹೆಚ್ಚು ಉಳಿದಿತ್ತು. ಧೂಳು ತಡೆಯುವ ರಬ್ಬರ್ ಬೂಟು ಸುಟ್ಟು ಹಪ್ಪಳವಾಗಿತ್ತು. ಬೂಟು ಹರಿದರೆ ನೀರು ಒಳಗೆ, ನೀರು ಹೋದರೆ ತುಕ್ಕು. ಎರಡನ್ನೂ ಪೂರ್ತಿ ಬಿಚ್ಚಿ ಹೊಸ ಕಿಟ್ ಹಾಕುವುದೆಂದು ತೀರ್ಮಾನವಾಯಿತು. ಅಪ್ಪ ಸುಣ್ಣದ ಕಡ್ಡಿಯಿಂದ ಒಂದರ ಮೇಲೆ ‘ಎ’ ಎಂದೂ ಇನ್ನೊಂದರ ಮೇಲೆ ‘ಬ’ ಎಂದೂ ಬರೆದರು. ಎಡ, ಬಲ. ಇದನ್ನು ವಾಚಕರು ನೆನಪಿಟ್ಟುಕೊಳ್ಳಬೇಕು, ನಾನು ಇಟ್ಟುಕೊಳ್ಳಲಿಲ್ಲ.

ಪಿಸ್ಟನ್ನನ್ನು ಹೊರತೆಗೆಯುವುದಕ್ಕೆ ಹಿಂದಿನ ರಂಧ್ರದಿಂದ ಗಾಳಿ ಬಿಡುತ್ತಾರೆ. ಎದುರಿಗೆ ಮರದ ತುಂಡಿಟ್ಟು, ಗಾಳಿಯನ್ನು ತೀರ ಕಡಿಮೆ ಬಿಡಬೇಕು, ಬೆರಳನ್ನಂತೂ ಇಡಲೇಬಾರದು. ಅಪ್ಪನ ಎಡಗೈ ತೋರುಬೆರಳಿನ ತುದಿ ಚಪ್ಪಟೆಯಾಗಿದೆ. ಅವರು ಬೆಂಗಳೂರಿನ ಒಂದು ಗ್ಯಾರೇಜಿನಲ್ಲಿ ಹುಡುಗನಾಗಿದ್ದಾಗ, ಯಾರೂ ಹೇಳಿಕೊಡದೆ ಕಲಿತ ಪಾಠ ಅದು. ನನಗೆ ಆ ಬೆರಳನ್ನು ತೋರಿಸಿದರು, ಬೇರೆ ಏನೂ ಹೇಳಲಿಲ್ಲ.

ಎಲ್ಲವನ್ನೂ ತೊಳೆಯುವ ಕೆಲಸ ನನ್ನದು. ಸೀಮೆಎಣ್ಣೆಯ ಡಬ್ಬಿಗೆ ರಬ್ಬರ್ ಸೀಲನ್ನೂ ಸೇರಿಸಿ ಹಾಕಲು ಹೋದೆ. ಅಪ್ಪ ಕೈಗೆ ಒಂದು ಕೊಟ್ಟರು. “ಈ ರಬ್ಬರ್‌ಗೆ ಸೀಮೆಎಣ್ಣೆ, ಪೆಟ್ರೋಲು, ಗ್ರೀಸು ಯಾವ್ದೂ ಆಗಲ್ಲ ಕಣೋ.” ನನಗೆ ನಂಬಿಕೆಯಾಗಲಿಲ್ಲವೆಂದು ಕಂಡಿರಬೇಕು, ಎರಡು ಹಳೆಯ ಸೀಲುಗಳಲ್ಲಿ ಒಂದನ್ನು ಸೀಮೆಎಣ್ಣೆಯಲ್ಲಿ ನೆನೆಹಾಕಿಟ್ಟರು. ಮರುದಿನ ತೆಗೆದು ಇನ್ನೊಂದರ ಪಕ್ಕ ಇಟ್ಟಾಗ, ನೆನೆದದ್ದು ಊದಿಕೊಂಡು ಬಳೆಯ ಒಂದು ಅಳತೆ ದೊಡ್ಡದಾಗಿತ್ತು. ಅಂಥದನ್ನು ಒಳಗೆ ಕೂರಿಸಿದರೆ ಪಿಸ್ಟನ್ ಹೋದಲ್ಲೇ ಕಚ್ಚಿಕೊಳ್ಳುತ್ತದೆ. ಈ ಸೀಲಿನ ಕೆಲಸ ಬಹು ಸೊಗಸಾದದ್ದು. ಅದು ಎಣ್ಣೆ ಸೋರದಂತೆ ತಡೆಯುವುದು ಮಾತ್ರವಲ್ಲ. ಪಿಸ್ಟನ್ ಮುಂದೆ ಹೋಗುವಾಗ ಅದರೊಡನೆ ತುಸು ಬಾಗಿ, ಕಾಲು ತೆಗೆದೊಡನೆ ನೆಟ್ಟಗಾಗುತ್ತ ಪಿಸ್ಟನ್ನನ್ನು ಕೂದಲೆಳೆಯಷ್ಟು ಹಿಂದಕ್ಕೆ ಎಳೆಯುತ್ತದೆ. ಹೊರಟವನ ಪಂಚೆಯಂಚನ್ನು ಹಿಡಿದೆಳೆಯುವ ಮಗುವಿನ ಹಾಗೆ. ಬ್ರೇಕು ಬಿಡಿಸಿಕೊಳ್ಳುವುದು ಆ ಒಂದು ರಬ್ಬರ್ ಉಂಗುರದಿಂದ, ಬೇರೆ ಸ್ಪ್ರಿಂಗಿಲ್ಲ.

ಪಿಸ್ಟನ್ನುಗಳ ಮೇಲೆ ಅಪ್ಪ ಉಗುರು ಎಳೆದು ನೋಡಿದರು. ಒಂದರಲ್ಲಿ ಉಗುರು ತುಕ್ಕಿನ ಗುಳಿಗೆ ಸಿಕ್ಕಿಕೊಂಡಿತು. “ಉಪ್ಪುಕಾಗದದಲ್ಲಿ ಉಜ್ಜಿದರೆ ಆಗಲ್ವಾ?” ಎಂದೆ. ಮೇಲಿನ ಹೊಳಪು ಹೋದ ಪಿಸ್ಟನ್ ಮತ್ತೆ ತುಕ್ಕು ಹಿಡಿಯುತ್ತದೆಂದು ಅದನ್ನು ಪಕ್ಕಕ್ಕೆ ಎಸೆದರು. ನಾನು ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಹೋಗಿ, ಜೆ.ಸಿ. ರಸ್ತೆಯಲ್ಲಿ ಅಂಗಡಿ ಅಂಗಡಿ ಅಲೆದು, ಹೊಸ ಪಿಸ್ಟನ್, ಎರಡು ಕಿಟ್, ಮೊಹರು ಒಡೆಯದ ಬ್ರೇಕ್ ಎಣ್ಣೆಯ ಡಬ್ಬಿಗಳನ್ನು ತಂದೆ.

ಸಾಹೇಬರು ಕಾರಿನೊಡನೆ ಇಂಗ್ಲಿಷಿನ ಕೈಪಿಡಿಯೊಂದನ್ನೂ ಬಿಟ್ಟಿದ್ದರು. ನಾನು ಸ್ಟೂಲಿನ ಮೇಲೆ ಕೂತು ಅದನ್ನು ಓದಿ ಕನ್ನಡದಲ್ಲಿ ಹೇಳುವುದು, ಅಪ್ಪ “ಹೂಂ, ಮುಂದೆ” ಎನ್ನುವುದು, ಹೀಗೆ ನಡೆಯಿತು. ನನ್ನ ವಿದ್ಯೆಯಿಂದ ನಮ್ಮ ಮನೆಗೆ ಆದ ಮೊದಲ ಪ್ರಯೋಜನ ಅದೇ ಇರಬೇಕು. ನನಗೆ ತಲೆ ಸ್ವಲ್ಪ ತಿರುಗಿತೆಂದರೂ ಸುಳ್ಳಲ್ಲ.

ಕೊನೆಯ ದಿನ ಅಪ್ಪ ಗುಬ್ಬಿಯ ಕಡೆ ಒಂದು ಮದುವೆಗೆ ಹೋಗಬೇಕಾಯಿತು. ಸೀಲು, ಪಿಸ್ಟನ್, ಬೂಟು ಎಲ್ಲವನ್ನೂ ಹೊಸ ಎಣ್ಣೆ ಸವರಿ ಕೂರಿಸಿ ಆಗಿತ್ತು. ಕ್ಯಾಲಿಪರುಗಳನ್ನು ಚಕ್ರಕ್ಕೆ ಕಟ್ಟಿ ಗಾಳಿ ತೆಗೆಯುವುದಷ್ಟೇ ಬಾಕಿ. ಪಕ್ಕದ ಪಂಕ್ಚರ್ ಅಂಗಡಿಯ ಹುಡುಗನನ್ನು ಪೆಡಲು ತುಳಿಯಲು ಕೂರಿಸಿಕೊಂಡು ನಾನೇ ಮಾಡಿ ಮುಗಿಸಿದೆ. ಪೆಡಲು ಒತ್ತಿ ನೋಡಿದೆ. ಮೊದಲ ತುಳಿತಕ್ಕೆ ಸ್ವಲ್ಪ ಮೆತ್ತಗಿತ್ತು, ಎರಡನೆಯದಕ್ಕೆ ಗಟ್ಟಿಯಾಯಿತು. ಮತ್ತೆ ಗಾಳಿ ತೆಗೆದೆ. ನಳಿಕೆಯಲ್ಲಿ ಒಂದು ಗುಳ್ಳೆಯೂ ಬರಲಿಲ್ಲ, ಪೆಡಲು ಮಾತ್ರ ಹಾಗೆಯೇ. ಅಷ್ಟರಲ್ಲಿ ಸಾಹೇಬರು ಬಂದರು. ಅದೇ ರಾತ್ರಿ ಹೊರಟು ಬೆಳಗಾಗುವಷ್ಟರಲ್ಲಿ ಚೆನ್ನೈ ಸೇರಬೇಕೆಂಬ ಆತುರ ಅವರದು. ಪೆಡಲು ತುಳಿದು, “ಸ್ವಲ್ಪ ಸಾಫ್ಟ್ ಅಲ್ವೇನೋ?” ಎಂದರು. ನಾನು, “ಹೊಸ ಕಿಟ್ ಅಲ್ವಾ ಸಾರ್, ಒಂದೆರಡು ದಿನ ಹೀಗೇ ಇರುತ್ತೆ” ಎಂದುಬಿಟ್ಟೆ.

ಈ ಮಾತನ್ನು ಬರೆಯುವಾಗ ಈಗಲೂ ಕೈ ನಿಲ್ಲುತ್ತದೆ. ಅದು ಕೈಪಿಡಿಯಲ್ಲಿರಲಿಲ್ಲ, ಅಪ್ಪ ಹೇಳಿದ್ದೂ ಅಲ್ಲ. ನನಗೆ ಗೊತ್ತಿಲ್ಲವೆಂದು ಹೇಳಲು ನಾಚಿಕೆಯಾಗಿ ಅಲ್ಲಿಯೇ ಹುಟ್ಟಿಸಿದ ಮಾತು. ಅವರು ನಂಬಿದರು, ಓದುವ ಹುಡುಗ ಹೇಳುತ್ತಿದ್ದಾನಲ್ಲ!

ಅವರು ಹಣ ಎಣಿಸುತ್ತಿರುವಾಗ ಅಪ್ಪ ಬಸ್ಸಿಳಿದು ಬಂದರು. ಮದುವೆಯ ಬಿಳಿ ಪಂಚೆಯಲ್ಲೇ ಕಾರಿನೊಳಗೆ ಕೂತು ಪೆಡಲನ್ನು ಒಮ್ಮೆ ತುಳಿದರು, ಕಾಲು ತೆಗೆದು ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ ತುಳಿದರು. ಇಳಿದು, ಚಕ್ರದ ಹಿಂದೆ ಬಗ್ಗಿ ಟಾರ್ಚು ಬಿಟ್ಟು ನೋಡಿದರು. ಗಾಳಿ ತೆಗೆಯುವ ನಿಪ್ಪಲು ಆಕಾಶ ನೋಡುವ ಬದಲು ನೆಲ ನೋಡುತ್ತಿತ್ತು! ಸುಣ್ಣದ ‘ಎ’, ‘ಬ’ಗಳನ್ನು ನಾನೇ ತೊಳೆಯುವಾಗ ಅಳಿಸಿ, ಎಡದ್ದನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಕಟ್ಟಿದ್ದೆ. ಹಾಗೆ ಕಟ್ಟಿದರೂ ಬೋಲ್ಟುಗಳೆಲ್ಲ ಸರಿಯಾಗಿಯೇ ಕೂರುತ್ತವೆ, ಅದೇ ಮೋಸ. ಗಾಳಿ ಮೇಲೇರಿ ದವಡೆಯ ನೆತ್ತಿಯಲ್ಲಿ ಕೂತಿರುತ್ತದೆ, ಕೆಳಗಿನ ನಿಪ್ಪಲಿನಿಂದ ಎಷ್ಟು ಹೊತ್ತು ತೆಗೆದರೂ ಬರುವುದು ಶುದ್ಧ ಎಣ್ಣೆಯೇ.

ಅಪ್ಪ ಸಾಹೇಬರೆದುರು ನನ್ನನ್ನು ಬಯ್ಯಲಿಲ್ಲ. “ಸಾರ್, ಈಗ ಬೇಡ. ಬೆಳಗ್ಗೆ ಹೊರಡಿ” ಎಂದರು. ಬೆಳಗಿನ ಓಟಕ್ಕೆ ಕಟ್ಟಿದ ಹಣ ಹೋಗುತ್ತದೆಂದು ಅವರು ಮುಖ ಗಂಟಿಕ್ಕಿದರು. “ಹೋದ್ರೆ ಹೋಗ್ಲಿ ಸಾರ್. ತಪ್ಪು ನಮ್ದು, ಕೂಲಿ ಹಿಡ್ಕೊಳ್ಳಿ” ಎಂದು ಅಪ್ಪ ಕೀಲಿಕೈಯನ್ನು ಜೇಬಿಗೆ ಹಾಕಿಕೊಂಡರು. ನನ್ನ ತಪ್ಪು ‘ನಮ್ದು’ ಆದದ್ದು ಆ ಕ್ಷಣದಲ್ಲಿ. ನನಗೆ ನೆಲವನ್ನು ಬಿಟ್ಟು ಬೇರೇನನ್ನೂ ನೋಡಲಾಗಲಿಲ್ಲ.

ಅವರು ಹೋದ ಮೇಲೆ ಪಂಚೆ ಬದಲಿಸಿ ಬಂದು ಕೇಳಿದರು: “ಮೆತ್ತಗೆ ಇತ್ತು ಅಂತ ನಿನಗೆ ಗೊತ್ತಾಗಿತ್ತಾ?”

“ಗೊತ್ತಾಗಿತ್ತು.”

“ಗೊತ್ತಿಲ್ದೇ ಇದ್ದಿದ್ರೆ ಬೇರೆ ಮಾತು” ಎಂದರು. ಬಳಿಕ ರಾತ್ರಿಯೆಲ್ಲ ಆ ವಿಷಯ ಎತ್ತಲಿಲ್ಲ.

ಎರಡನ್ನೂ ಬಿಚ್ಚಿ, ಅದಲುಬದಲು ಮಾಡಿ, ಕೊಳವೆಯ ಬೋಲ್ಟಿಗೆ ಹೊಸ ತಾಮ್ರದ ವಾಷರುಗಳನ್ನು ಹಾಕಿ ಬಿಗಿದೆವು. ನಾನು ಪೆಡಲಿನ ಮೇಲೆ, ಅಪ್ಪ ಕೆಳಗೆ. “ಒತ್ತು.” ಒತ್ತಿದೆ. “ಹಿಡ್ಕೊ.” ಹಿಡಿದುಕೊಂಡೆ. ನಿಪ್ಪಲು ಸಡಿಲಿಸಿದೊಡನೆ ಪೆಡಲು ಇಳಿಯುತ್ತದೆ. ಅವರು ಮತ್ತೆ ಬಿಗಿದು “ಬಿಡು” ಎನ್ನುವವರೆಗೆ ಕಾಲು ತೆಗೆಯಕೂಡದು, ತೆಗೆದರೆ ಹೊರಗಿನ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ಬಾಟಲಿಯಲ್ಲಿ ಗುಳುಗುಳು ಸದ್ದಾಯಿತು. ನಾನು ಬಗ್ಗಿ ನೋಡಿದೆ. ನಳಿಕೆಯೊಳಗೆ ದಪ್ಪ ದಪ್ಪ ಗುಳ್ಳೆಗಳು ಸಾಲಾಗಿ ಹೊರಗೆ ಬರುತ್ತಿದ್ದವು. ನಾನು ಒಬ್ಬ ಮನುಷ್ಯನ ಕಾಲಕೆಳಗೆ ಇಟ್ಟು ಕಳುಹಿಸಲಿದ್ದದ್ದು ಅವೇ. ಗುಳ್ಳೆ ನಿಲ್ಲುವಷ್ಟರಲ್ಲಿ ರಾತ್ರಿ ಹನ್ನೊಂದು ದಾಟಿತ್ತು. ಪೆಡಲು ಅಂಗೈಯಷ್ಟೂ ಇಳಿಯದೆ ಕಲ್ಲಿನಂತೆ ನಿಂತಿತು. ಅಪ್ಪ ಹೆದ್ದಾರಿಯಲ್ಲಿ ಕಾರನ್ನು ತಾವೇ ಓಡಿಸಿ, ಖಾಲಿ ರಸ್ತೆಯಲ್ಲಿ ಏಳೆಂಟು ಸಲ ನಿಲ್ಲಿಸಿ ನೋಡಿಕೊಂಡು ಬಂದರು.

ಸಾಹೇಬರು ಬೆಳಗ್ಗೆ ಬಂದಾಗ ಏನು ನಡೆಯಿತೆಂಬುದನ್ನು ನಾನೇ ಅವರಿಗೆ ಹೇಳಿದೆ. ಅಪ್ಪ ಹೇಳೆಂದಿರಲಿಲ್ಲ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಆಯ್ತು ಬಿಡು” ಎಂದು ಹೊರಟರು. ಮರುದಿನ ಸಂಜೆ ಫೋನು ಬಂತು. ಮಧ್ಯಾಹ್ನದ ಓಟದಲ್ಲಿ ಬ್ರೇಕು ಕೊನೆಯ ಸುತ್ತಿನವರೆಗೂ ಒಂದೇ ಸಮನೆ ಹಿಡಿಯಿತೆಂದೂ, ಕೂಲಿಯನ್ನು ಕಳುಹಿಸಿರುವೆನೆಂದೂ ಹೇಳಿದರು. ಅಪ್ಪ ಅರ್ಧವನ್ನು ಹಿಂದಿರುಗಿಸಿದರು.

ಅಂಥ ಓಟಕ್ಕೆ ಹೋಗುವ ಕಾರಿನ ಎಣ್ಣೆಯನ್ನು ಆಗಿಂದಾಗ್ಗೆ ಬದಲಿಸುತ್ತಿರಬೇಕು. ಮುಂದಿನ ತಿಂಗಳು ಮತ್ತೆ ತರುತ್ತಾರಂತೆ. ಆ ಹೊತ್ತಿಗೆ ನನ್ನ ಪರೀಕ್ಷೆ ಮುಗಿದಿರುತ್ತದೆ. ಈ ಸಲ ‘ಎ’, ‘ಬ’ಗಳನ್ನು ಬರೆಯಲು ಅಪ್ಪ ಸುಣ್ಣದ ಕಡ್ಡಿಯ ಬದಲು ಒಂದು ಡಬ್ಬಿ ಬಿಳಿ ಪೇಂಟು ತಂದಿಟ್ಟಿದ್ದಾರೆ. ಬ್ರೇಕ್ ಎಣ್ಣೆ ತಾಗಿದರೆ ಪೇಂಟು ಕಿತ್ತುಬರುತ್ತದೆಂದು ಅವರಿಗೆ ಇನ್ನೂ ಹೇಳಿಲ್ಲ. ಅವರಿಗೆ ಗೊತ್ತಿಲ್ಲದೆಯೂ ಇಲ್ಲ. ನಾನು ಹೇಳುತ್ತೇನೋ ಇಲ್ಲವೋ ನೋಡುತ್ತಿದ್ದಾರೆಂದು ನನ್ನ ಅನುಮಾನ.