ವಾಸನೆಗೆ ಟಿಕೆಟ್ ಇಲ್ಲ

ಭದ್ರಾವತಿಯಲ್ಲಿ ಬೆಳೆದ ಮೂಗನ್ನು ಸುಲಭಕ್ಕೆ ಬೆದರಿಸಲಾಗದು. ಕಾಗದ ಕಾರ್ಖಾನೆ ನಡೆಯುತ್ತಿದ್ದ ಕಾಲದಲ್ಲಿ ಗಾಳಿ ನಮ್ಮ ಕಡೆ ತಿರುಗಿತೆಂದರೆ, ಕೊಳೆತ ಎಲೆಕೋಸನ್ನು ಮನೆಮನೆಗೂ ಬೀರಿದ ಹಾಗಿರುತ್ತಿತ್ತು. ಗಂಧಕದ ರಾಸಾಯನಿಕ ಹಾಕಿ ಮರದ ಚಕ್ಕೆ ಬೇಯಿಸುವ ಕಡೆಯೆಲ್ಲ, ಅದು ಫಿನ್ಲೆಂಡೇ ಆಗಲಿ ನಮ್ಮ ಪೇಪರ್ ಟೌನೇ ಆಗಲಿ, ಈ ವಾಸನೆ ಇದ್ದದ್ದೇ. ನೆಂಟರು ಬಸ್ಸಿಳಿದ ಕೂಡಲೇ ಮೂಗಿಗೆ ಸೆರಗು ಹಿಡಿದರೆ ನಮ್ಮ ಹಿರಿಯರು, "ಅದಾ? ಸಂಬಳದ ವಾಸನೆ ಬಿಡಿ" ಅನ್ನುತ್ತಿದ್ದರು. 1930ರ ದಶಕದ ಆ ಕಾರ್ಖಾನೆ 2015-16ರ ಹೊತ್ತಿಗೆ ನಿಂತಿತು, ವಾಸನೆಯೂ ನಿಂತಿತು. ಗಾಳಿ ಚೊಕ್ಕಟವಾಯಿತೆಂದು ಸಿಹಿ ಹಂಚಿದವರನ್ನು ಮಾತ್ರ ನಾನು ಕಾಣೆ.

ಶಿವಮೊಗ್ಗದವರೇನೂ ಕಡಿಮೆಯಿಲ್ಲ. ಅಡಿಕೆ ಸುಲಿತ ಶುರುವಾಯಿತೋ, ಹಸಿ ಸಿಪ್ಪೆ ರಸ್ತೆ ಬದಿಗೆ ಬಂದು ಬೀಳುತ್ತದೆ. ಅದರ ಮೇಲೊಂದು ಅಕಾಲದ ಮಳೆ ಬಿದ್ದರೆ ಮುಗಿಯಿತು, ಕಾರುಗಳ ಗಾಜು ತಾವಾಗಿ ಮೇಲೇರುತ್ತವೆ. ಆದರೂ ರಾಶಿ ಅಡಿಕೆ ಒಳ್ಳೆಯ ಧಾರಣೆ ಕಾಣುತ್ತಿರುವಾಗ ಸಿಪ್ಪೆಯನ್ನು ಬೈಯುವವರು ಯಾರು? ಗಾಜು ಏರಿಸಿಕೊಂಡವನ ತೋಟದ ಸಿಪ್ಪೆಯೂ ಅದೇ ರಾಶಿಯಲ್ಲಿ ಬೆವರುತ್ತಿರುತ್ತದೆ.

ಇಷ್ಟೆಲ್ಲ ಪೀಠಿಕೆಗೆ ಕಾರಣ ಅಕ್ಕನ ಮಗ. ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ ಕೆಲಸಕ್ಕಿದ್ದಾನೆ. ಮೊನ್ನೆ ಫೋನಿನಲ್ಲಿ, "ಮಾವ, ಫುಟ್‌ಪಾತಲ್ಲಿ ಯಾರೋ ವಾಂತಿ ಮಾಡಿದಾರೆ ಅಂತ ದಾಟ್ಕೊಂಡು ಹೋದೆ. ನೋಡಿದ್ರೆ ಮರದಿಂದ ಉದುರಿದ ಹಣ್ಣು! ಅದನ್ನ ಒಬ್ರು ಅಜ್ಜಿ ಗ್ಲೌಸ್ ಹಾಕ್ಕೊಂಡು ಆರಿಸ್ಕೊಳ್ತಾ ಇದ್ರು" ಎಂದ. ಗಿಂಕ್ಗೊ ಅಂತೆ. ಸಾಮಾನ್ಯ ಮರವಲ್ಲ ಅದು. ಅದರ ವಂಶ 20 ಕೋಟಿ ವರ್ಷಕ್ಕೂ ಹಳೆಯದು, ದಾಯಾದಿಗಳೆಲ್ಲ ಅಳಿದು ಈಗ ಉಳಿದಿರುವುದು ಒಂದೇ ಜಾತಿ. 1945ರಲ್ಲಿ ಹಿರೋಶಿಮಾದ ಮೇಲೆ ಬಾಂಬು ಬಿದ್ದಾಗ ಸುಟ್ಟು ಕರಕಲಾದ ಗಿಂಕ್ಗೊ ಮರಗಳು ಮತ್ತೆ ಚಿಗುರಿದವು. ಸೋಲ್ ನಗರ ಇದನ್ನೇ ತನ್ನ ಅಧಿಕೃತ ಮರ ಮಾಡಿಕೊಂಡಿದೆ. ಮಾಡಿಕೊಂಡ ಮೇಲೆ ಹೆಣ್ಣು ಮರಗಳ ಕಾಟ ತಾಳಲಾರದೆ, ಹಣ್ಣು ತಾನಾಗಿ ಉದುರುವ ಮೊದಲೇ ಆಳು ಹಚ್ಚಿ ಉದುರಿಸುತ್ತದೆ. ಗಂಡು ಮರ, ಹೆಣ್ಣು ಮರ ಬೇರೆಬೇರೆ. ನಾರುವುದು ಹೆಣ್ಣು ಮರದ ಬೀಜದ ಮೇಲಿನ ಮೆತ್ತನೆ ಹೊದಿಕೆ. ಅದರಲ್ಲಿರುವುದು ಬ್ಯುಟಿರಿಕ್ ಆಮ್ಲ, ನಮ್ಮ ಮನೆಯ ತುಪ್ಪ ಹಳತಾಗಿ ಕಮಟು ಹತ್ತಿದಾಗ ಮೂಗಿಗೆ ಬಡಿಯುವುದೂ ಅದೇ. ಹೊದಿಕೆ ತೊಳೆದು, ಬೀಜ ಹುರಿದು, ಚಿಪ್ಪು ಒಡೆದರೆ ಒಳಗೆ ಹಸಿರು ಹಳದಿಯ ಮೆದು ಬೇಳೆ. ಜಪಾನು, ಕೊರಿಯಾ, ಚೀನಾದವರಿಗೆ ಬಲು ಪ್ರೀತಿ. ರುಚಿಯಾಗಿದೆಯೆಂದು ಮುಕ್ಕುವಂತಿಲ್ಲ. ಅತಿಯಾದರೆ ಅದು ಬಿ6 ಜೀವಸತ್ವದ ಕೆಲಸವನ್ನೇ ಕೆಡಿಸಿ ಮಕ್ಕಳಿಗೆ ಸೆಳೆತ ಬರುವುದುಂಟು.

"ಅಷ್ಟೇನಾ? ಹೊರಗೆ ನಾತ, ಒಳಗೆ ಬೀಜ. ನಮ್ಮ ಹಲಸು ಮಾಡೋದೂ ಅದನ್ನೇ ಅಲ್ವೇನೋ" ಎಂದೆ. ಹುಡುಗ ಒಪ್ಪಲಿಲ್ಲ. ಹಲಸಿನದು ಪರಿಮಳ ಎಂದು ಅವನ ವಾದ. ಮಲೆನಾಡು ಬಿಟ್ಟು ಹೋದವರು ಹೀಗೇ, ದೂರ ಹೋದಷ್ಟೂ ಊರಿನದೆಲ್ಲ ಪರಿಮಳವಾಗುತ್ತದೆ.

ಸಿಂಗಪುರದ ಮೆಟ್ರೋ ರೈಲಿನಲ್ಲಿ ದುರಿಯನ್ ಹಣ್ಣಿಗೆ ಅದರ ನಾತದಿಂದಾಗಿ ಪ್ರವೇಶವಿಲ್ಲ. ನೋಡಲು ಹಲಸಿನ ತಮ್ಮನ ಹಾಗಿದ್ದರೂ ಅದು ಬೇರೆ ಕುಲದ್ದು. ಶಿವಮೊಗ್ಗ-ಭದ್ರಾವತಿ ಬಸ್ಸಿನಲ್ಲಿ ಅಂಥದೊಂದು ಬೋರ್ಡನ್ನು ಹಲಸಿಗೆ ತಗುಲಿಸಿದರೆ ಜೂನ್ ತಿಂಗಳಿಡೀ ಬಸ್ಸು ಖಾಲಿ ಓಡಬೇಕು. ಇಪ್ಪತ್ತು ಕಿಲೋಮೀಟರಿನೊಳಗಿನ ದಾರಿ. ಮಲವಗೊಪ್ಪ ಬರುವಷ್ಟರಲ್ಲಿ ಹಣ್ಣು ಯಾವ ಸೀಟಿನಡಿ ಇದೆ ಎಂದೂ, ಮಾಚೇನಹಳ್ಳಿ ದಾಟುವಷ್ಟರಲ್ಲಿ ಅದು ಗಟ್ಟಿ ತೊಳೆಯ ಬಕ್ಕೆಯೋ ಮೆತ್ತನೆಯ ಅಂಬಲಿಯೋ ಎಂದೂ ಬಸ್ಸಿಗೆಲ್ಲ ತಿಳಿದಿರುತ್ತದೆ. ಹೀಗೇ ಒಮ್ಮೆ ಕಂಡಕ್ಟರು ಒಬ್ಬ ಹೆಂಗಸಿನ ಗೋಣಿಚೀಲ ತೋರಿಸಿ, "ಏನಮ್ಮಾ ಅದು?" ಎಂದ. "ಬಟ್ಟೆ ಕಣಪ್ಪ" ಎಂದರು ಆಕೆ. "ಬಟ್ಟೆ ಚೆನ್ನಾಗಿ ಹಣ್ಣಾಗಿದೆ ಬಿಡಿ" ಎಂದು ಲಗೇಜಿನ ಮಾತೆತ್ತದೆ ಮುಂದೆ ಹೋದ.

ನಾತವೋ ಪರಿಮಳವೋ ಎಂಬ ಜಗಳದಲ್ಲಿ ರಸಾಯನಶಾಸ್ತ್ರ ಇಬ್ಬರ ಪರವಾಗಿಯೂ ಸಾಕ್ಷಿ ಹೇಳುತ್ತದೆ. ಬೆವರಿದ ಕಾಲುಚೀಲ ನಾರುವುದು ಐಸೊವ್ಯಾಲೆರಿಕ್ ಎಂಬ ಆಮ್ಲದಿಂದ. ಅದೇ ಆಮ್ಲ ಆಲ್ಕೋಹಾಲಿನ ಜತೆ ಕೂಡಿಕೊಂಡು ಎಸ್ಟರ್ ಆಯಿತೆಂದರೆ ಹಣ್ಣಿನ ಘಮ. ಮಾಗಿದ ಹಲಸಿನಲ್ಲಿ ಇಂಥ ಎಸ್ಟರುಗಳದೇ ದರ್ಬಾರು. ಮನೆಯವಳು ಬಕ್ಕೆ ಹೆಚ್ಚಿದ ದಿನ ಫ್ರಿಜ್ಜಿನಲ್ಲಿಟ್ಟ ಹಾಲಿನ ಕಾಫಿಗೂ ಆ ದರ್ಬಾರಿನ ಗಾಳಿ ತಾಗಿರುತ್ತದೆ, ಅದನ್ನು ಸಹಿಸುವುದೊಂದು ಮಾತ್ರ ನನಗೆ ಇವತ್ತಿಗೂ ಆಗಿಲ್ಲ.

ಆದರೆ ತೊಳೆಗಿಂತ ನನ್ನ ಒಲವು ಬೀಜದ ಕಡೆಗೇ. ತೊಳೆ ಎರಡು ದಿನದ ಸಡಗರ, ಬೀಜ ಮಳೆಗಾಲದ ಜೀವನಾಂಶ. ಅಜ್ಜಿ ಹಣ್ಣು ಬಿಡಿಸಲು ಕೂರುವಾಗ ಅಂಗೈಗೂ ಕತ್ತಿಗೂ ಕೊಬ್ಬರಿ ಎಣ್ಣೆ ಸವರಿಕೊಳ್ಳುತ್ತಿದ್ದಳು, ಮೇಣ ಹಿಡಿಯದಿರಲೆಂದು. ಬೀಜದ ಮೇಲಿನ ಲೋಳೆ ಪೊರೆಯನ್ನು ಹೆಬ್ಬೆರಳಿನಿಂದ ಜಾರಿಸಿ, ತೊಳೆದು, ನೆರಳಲ್ಲಿ ಹರವಿ, ಆಮೇಲೆ ಕೆಮ್ಮಣ್ಣು ಕಲಸಿ ಒಂದೊಂದಕ್ಕೂ ಲೇಪ. ಹಾಗೆ ಮಣ್ಣು ಮೆತ್ತಿಸಿಕೊಂಡ ಬೀಜ ಮಡಕೆಯಲ್ಲಿ ತಿಂಗಳುಗಟ್ಟಲೆ ಬಾಡದೆ, ಮೊಳೆಯದೆ ಕೂತಿರುತ್ತಿತ್ತು. ಆರಿದ್ರಾ ಮಳೆ ಹಿಡಿದು ತರಕಾರಿ ಗಾಡಿ ಬರದ ದಿನ ಹೊರಗೆ ಬರುತ್ತಿತ್ತು. ಸೌತೆಕಾಯಿ ಹುಳಿಗೆ ನಾಲ್ಕು ಬೀಜ ಬಿದ್ದರೆ ಹುಳಿಯ ಗತ್ತೇ ಬೇರೆ. ಇಲ್ಲವೇ ಬಚ್ಚಲ ಒಲೆಯ ಕೆಂಡದಲ್ಲಿ ಸುಡುವುದು. ಸುಡುವ ಮೊದಲು ತುದಿಯನ್ನು ಹಲ್ಲಿನಿಂದಲಾದರೂ ಕಚ್ಚಿ ಸೀಳಬೇಕು, ಮರೆತರೆ ಬೀಜ ಸಿಡಿದು ಬೂದಿಯೆಲ್ಲ ಮುಖಕ್ಕೆ. ಬಿಳಿ ಸಿಪ್ಪೆ ಪಟಪಟ ಬಿಡುತ್ತದೆ, ಒಳಗಿನ ಕಂದು ಪೊರೆ ಬಿಡುವುದಿಲ್ಲ, ಬಿಡಿಸುವ ತಾಳ್ಮೆಯೂ ಯಾರಿಗೂ ಇರುತ್ತಿರಲಿಲ್ಲ.

ಹಸಿಯಾಗಿ ತಿನ್ನಬೇಡಿ ಎಂದು ಅಜ್ಜಿ ಗದರುತ್ತಿದ್ದುದು ಸುಮ್ಮನಲ್ಲ. ಪ್ರೋಟೀನ್ ಅರಗಿಸುವ ಕಿಣ್ವಕ್ಕೆ ಅಡ್ಡಗಾಲು ಹಾಕುವ ವಸ್ತು ಹಸಿ ಬೀಜದಲ್ಲಿದೆ, ಬೇಯಿಸಿದರೆ ಅದರ ಆಟ ಅಡಗುತ್ತದೆ. ಜ್ಯಾಕಲಿನ್ ಎಂಬ ಇನ್ನೊಂದು ಪ್ರೋಟೀನೂ ಇದೆ. ನಮ್ಮ ರಕ್ತದ ಒಂದು ಬಗೆಯ ಪ್ರತಿಕಾಯವನ್ನು ಅದು ಆರಿಸಿ ಹಿಡಿದುಕೊಳ್ಳುತ್ತದಾದ್ದರಿಂದ ಪ್ರಯೋಗಾಲಯದವರು ಅದನ್ನು ದುಡ್ಡು ಕೊಟ್ಟು ತರಿಸುತ್ತಾರೆ. ಸಿಡಿದು ಬೂದಿ ಹಾರಿಸುತ್ತಿದ್ದ ಬೀಜಕ್ಕೆ ಇಂಥ ಯೋಗ!

ಬೆಂದ ಬೀಜಕ್ಕೂ ಒಂದು ಅವಗುಣ ಉಂಟು, ವಾಯು. ನಾಲ್ಕು ಜನರ ಮುಂದೆ ಕೂರುವ ಕಾರ್ಯಕ್ರಮವಿದ್ದರೆ ಹಿಂದಿನ ರಾತ್ರಿ ಬೀಜದ ಪಲ್ಯ ಬೇಡ ಎನ್ನುವುದು ನಮ್ಮ ಮನೆಯ ಶಾಸನ. ಅದಕ್ಕೆ ಮದ್ದು ಇಂಗು. ಇಂಗಿನ ಡಬ್ಬಿಯ ಮುಚ್ಚಳ ತೆರೆದವರಿಗೆ ಗೊತ್ತು, ಅದೂ ಗಂಧಕದ ಸಂಬಂಧಿಯೇ. ಒಂದು ನಾತದೊಳಗಿನ ಬೀಜ ತಿಂದು ಇನ್ನೊಂದು ನಾತ ಹುಟ್ಟದಿರಲೆಂದು ಮೂರನೆಯ ನಾತವನ್ನು ಒಗ್ಗರಣೆಗೆ ಹಾಕುವ ಜನ ನಾವು, ಕೊರಿಯಾದ ಅಜ್ಜಿಯನ್ನು ನೋಡಿ ಮೂಗು ಮುರಿಯುತ್ತೇವೆ.

ಈಗ ಬಿ.ಎಚ್. ರಸ್ತೆಯ ತಳ್ಳುಗಾಡಿಗಳಲ್ಲಿ ತೊಳೆ ಬಿಡಿಸಿ ಪೊಟ್ಟಣ ಕಟ್ಟಿ ಮಾರುತ್ತಾರೆ. ಸ್ಟೇಟಸ್ಸಿನ ಗಿರಾಕಿಗಳಿಗೆಂದು ಬೀಜ ತೆಗೆದ ತೊಳೆಯೂ ಉಂಟು, ಹತ್ತು ರೂಪಾಯಿ ಜಾಸ್ತಿ. ಹೋದ ಸಲ ಅವಸರದಲ್ಲಿ ಅದನ್ನೇ ತಂದೆ. "ಏನ್ರೀ, ಬೀಜ ಬಿಟ್ಟು ಬಂದದ್ದಲ್ಲದೆ ಬಿಟ್ಟಿದ್ದಕ್ಕೆ ದುಡ್ಡೂ ಕೊಟ್ಟು ಬಂದ್ರಾ?" ಎಂದು ಮನೆಯವಳು ಕೇಳಿದಳು. ವಾಪಸ್ ಹೋಗಿ ಗಾಡಿಯವನ ಬಕೆಟ್ಟಿನಲ್ಲಿದ್ದ ಬೀಜ ಕೇಳಿದೆ. "ಅದು ಬುಕ್ ಆಗಿದೆ ಸಾರ್" ಎಂದ.